ಭಾಷಣಕ್ಕೆ ಹೊಲಿದ ಬಟ್ಟೆ

ದಾಂಡೇಲಿಯ ನನ್ನ ಹೊಲಿಗೆ ಅಂಗಡಿಯಲ್ಲಿ ಒಂದು ಪರದೆ ಇದೆ. ಅಪ್ಪ ಕಟ್ಟಿದ ತಂತಿಯ ಮೇಲೆ ಅದು ಇವತ್ತಿಗೂ ಓಡಾಡುತ್ತದೆ. ಒಂದು ಕಾಲಕ್ಕೆ ಹಸಿರಾಗಿತ್ತು. ಈಗ ಯಾವ ಬಣ್ಣ ಎಂದು ಕೇಳಿದರೆ ಹೇಳುವುದು ಕಷ್ಟ. ಗಂಡಸರನ್ನು ಪರದೆಯ ಈಚೆ ಕನ್ನಡಿಯ ಮುಂದೆ ನಿಲ್ಲಿಸಿ ನಾನು ಅಳತೆ ತೆಗೆದುಕೊಳ್ಳುತ್ತೇನೆ. ಹೆಂಗಸರ ಅಳತೆಯನ್ನು ಪರದೆಯ ಆಚೆ ಮೊದಲು ಅಮ್ಮ ತೆಗೆದುಕೊಳ್ಳುತ್ತಿದ್ದಳು, ಈಗ ನನ್ನ ಹೆಂಡತಿ. ಅವಳು ಒಳಗಿನಿಂದ ಇಂಚು ಕೂಗುತ್ತಾಳೆ, ನಾನು ಹೊರಗೆ ಕುಳಿತು ಬರೆದುಕೊಳ್ಳುತ್ತೇನೆ. ನೀಲಿ ರಟ್ಟಿನ ಅಳತೆ ಬುಕ್ಕು ಗಂಡಸರದ್ದು, ಕೆಂಪು ರಟ್ಟಿನದ್ದು ಹೆಂಗಸರದ್ದು. ಮೂವತ್ತೆಂಟು ವರ್ಷಗಳಲ್ಲಿ ಊರಿನ ಎಷ್ಟೋ ಜನ ಈ ಎರಡು ಬುಕ್ಕುಗಳಲ್ಲಿ ಹಾದುಹೋಗಿದ್ದಾರೆ. ಯಾರನ್ನು ಯಾವುದರಲ್ಲಿ ಬರೆಯಬೇಕು ಎಂದು ನಾನು ಒಂದು ಗಳಿಗೆಯೂ ಯೋಚಿಸಿದವನಲ್ಲ. ಯೋಚನೆಯನ್ನೆಲ್ಲ ನಾನು ಭಾಷಣಕ್ಕೆಂದು ಎತ್ತಿಟ್ಟಿದ್ದೆ.

ಭಾಷಣ ನನ್ನ ಹಳೆಯ ರೋಗ. ಮಧ್ಯಾಹ್ನ ಎರಡಕ್ಕೆ ಮಿಲ್ಲಿನ ಮೊದಲನೇ ಪಾಳಿ ಬಿಟ್ಟ ಮೇಲೆ ನಾಲ್ಕಾರು ಜನ ನನ್ನ ಅಂಗಡಿಯ ಬೆಂಚಿನ ಮೇಲೆ ಚಹಾಕ್ಕೆ ಕೂರುತ್ತಾರೆ. ಚಹಾದ ಜೊತೆ ಬಿಸ್ಕೀಟು ಕೊಡದಿದ್ದರೂ ತತ್ವಜ್ಞಾನವನ್ನು ನಾನು ಧಾರಾಳವಾಗಿ ಕೊಡುತ್ತೇನೆ. ವಾಚನಾಲಯದಿಂದ ತಂದ ಪುಸ್ತಕಗಳನ್ನು ಕಾಲಿಂದ ಮಷೀನು ತುಳಿಯುತ್ತಲೇ ಓದಿದವನು ನಾನು. ಹೀಗೆ ಓದಿದ್ದರಿಂದ ಒಂದೆರಡು ಕಾಲರ್ ಸೊಟ್ಟಗಾದವು. ನನ್ನ ತಲೆಯೂ ಹಾಗೇ ಆಗಿರಬೇಕು ಎಂಬುದು ಹೆಂಡತಿಯ ಅಭಿಪ್ರಾಯ.

ಗಂಡು ಹೆಣ್ಣಿನ ವಿಷಯ ನನಗೆ ವಿಶೇಷ ಪ್ರೀತಿಯದ್ದು, ಅದಕ್ಕೆ ಕಾರಣವೂ ಇದೆ. ನನ್ನ ಓರಗೆಯ ಹುಡುಗರೆಲ್ಲ ಮಿಲ್ಲಿಗೆ, ಗ್ಯಾರೇಜಿಗೆ ಹೋಗಿ ಮೈಗೆ ಎಣ್ಣೆ ಮೆತ್ತಿಕೊಂಡು ಬರುತ್ತಿದ್ದಾಗ ನಾನು ಮನೆಯಲ್ಲಿ ಕೂತು ಅಕ್ಕಂದಿರ ದುಪಟ್ಟಾಗಳಿಗೆ ಜರಿ ಹಚ್ಚುತ್ತಿದ್ದೆ. 'ಸೂಜಿ ಹಿಡಿದ ಕೈಗೆ ಒಂದಿಷ್ಟು ಬಳಿ ಇಟ್ಕೋ' ಎಂದು ಗೆಳೆಯರು ಕಿಚಾಯಿಸುತ್ತಿದ್ದರು. ಆ ಸಿಟ್ಟು ಇಂದಿಗೂ ಇಳಿದಿಲ್ಲ. ಹೊಲಿಗೆ ಹೆಂಗಸರ ಕೆಲಸವೆಂದು ನಕ್ಕವರೇ ತಮ್ಮ ಪ್ಯಾಂಟು ಹರಿದಾಗ ನನ್ನ ಬಾಗಿಲಿಗೆ ಓಡಿ ಬಂದರು. ನಾನು ಹೊಲಿದುಕೊಟ್ಟೆ, ಜೊತೆಗೆ ಅರ್ಧ ಗಂಟೆ ಉಪದೇಶವನ್ನೂ ಕೊಟ್ಟೆ.

ಎರಡು ವರ್ಷದ ಹಿಂದೆ ಹಳಿಯಾಳದಲ್ಲಿ ಒಂದು ಕಾರ್ಯಕ್ರಮವಾಯಿತು. ಕರೆದಿದ್ದ ಪ್ರಾಧ್ಯಾಪಕರು ಬರಲಿಲ್ಲವೆಂದು, ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದ ನನ್ನನ್ನು ವೇದಿಕೆಗೆ ಹತ್ತಿಸಿದರು. ಹಸಿದವನಿಗೆ ಹುಗ್ಗಿ ಬಡಿಸಿದ ಹಾಗಾಯಿತು. 'ಉಡುಪು ಮತ್ತು ಮನುಷ್ಯ' ಎಂದು ಶುರು ಮಾಡಿ ಮುಕ್ಕಾಲು ಗಂಟೆ ಬಿಡಲಿಲ್ಲ. ಗಂಡಸರ ಅಂಗಿಗೆ ಗುಂಡಿ ಬಲಕ್ಕೆ, ಹೆಂಗಸರದ್ದಕ್ಕೆ ಎಡಕ್ಕೆ. ಇದನ್ನು ಯಾವ ದೇವರು ಹೇಳಿದ? ಗಂಡಸರಿಗೆ ನಾಲ್ಕು ಕಿಸೆ, ಹೆಂಗಸರಿಗೆ ಒಂದೂ ಇಲ್ಲ. ಅವರ ಹತ್ತಿರ ಇಟ್ಟುಕೊಳ್ಳಲು ಏನೂ ಇರುವುದಿಲ್ಲವೇ? ನಿಮ್ಮ ಮನೆಯ ಕ್ಯಾಲೆಂಡರಿನಲ್ಲಿ ಶಿವ ಅರ್ಧ ಗಂಡು ಅರ್ಧ ಹೆಣ್ಣಾಗಿ ನಿಂತಿದ್ದಾನೆ; ಆ ದೇವರಿಗೆ ಕೈ ಮುಗಿಯುತ್ತೀರಿ, ಅಂಥ ಮನುಷ್ಯ ಬೀದಿಯಲ್ಲಿ ಕಂಡರೆ ನಗುತ್ತೀರಿ. ಬಟ್ಟೆ ಒಂದೇ, ಗಂಡು ಹೆಣ್ಣೆಂಬುದು ನಾವು ಹಾಕಿದ ಹೊಲಿಗೆ. ಹುಟ್ಟಿದ ಕೂಸಿಗೆ ಒಂದೇ ಥರದ ಕುಂಚಿಗೆ, ಸತ್ತವನಿಗೆ ಒಂದೇ ಥರದ ಕಫನ್. ನಡುವಿನ ನಾಲ್ಕು ದಿನದ್ದೇ ಈ ಗಲಾಟೆ ಎಂದೆ. ಚಪ್ಪಾಳೆ ಬಿದ್ದವು. ಯಾರೋ ಶಾಲು ಹೊದಿಸಿದರು.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ನಮ್ಮ ಓಣಿಯಲ್ಲಿ ಹೆಂಗಸರು ತೀರಿಕೊಂಡರೆ ಸ್ನಾನ ಮಾಡಿಸಿ ಕಫನ್ ಉಡಿಸಲು ಇವಳನ್ನೇ ಕರೆಯುತ್ತಾರೆ. ಶಾಲನ್ನು ಬೆಳಕಿಗೆ ಹಿಡಿದು ನೂಲು ನೋಡುತ್ತ ಅವಳು ಅಂದಳು: "ಕಫನ್ ಗಂಡಸರಿಗೆ ಮೂರು ತುಂಡು, ಹೆಂಗಸರಿಗೆ ಐದು. ಅದೂ ಗೊತ್ತಿಲ್ಲದ ದರ್ಜಿಗೆ ಶಾಲು ಬೇರೆ." ನಾನು ಆ ಸಾಲನ್ನು ಮುಂದಿನ ಭಾಷಣದಿಂದ ಕಿತ್ತು ಹಾಕಿದೆ. ಮುಂದಿನ ಭಾಷಣಕ್ಕೆ ಯಾರೂ ಕರೆಯಲಿಲ್ಲ, ಆ ಮಾತು ಬೇರೆ.

ಆದರೆ ಆ ಸಭೆಯ ಕೊನೆಯ ಸಾಲಿನಲ್ಲಿ ಒಬ್ಬರು ಕೂತಿದ್ದರು, ನಾನು ಹೇಳಿದ್ದನ್ನು ನಿಜವೆಂದು ನಂಬಿದ್ದರು. ಈ ವರ್ಷ ಮದುವೆಯ ಸೀಸನ್ನಿನಲ್ಲಿ ಅವರು ನನ್ನ ಅಂಗಡಿಯ ಮೆಟ್ಟಿಲು ಹತ್ತಿ ಬಂದರು.

ವಯಸ್ಸು ಇಪ್ಪತ್ತಾರು ಇಪ್ಪತ್ತೇಳು. ಹಳಿಯಾಳದ ಹತ್ತಿರದ ಹಳ್ಳಿಯ ರೈತರ ಮನೆತನ. ಕೋಗಿಲಬನದ ಕಡೆ ಕಾಳಿ ಹೊಳೆಯಲ್ಲಿ ಪ್ರವಾಸಿಗರನ್ನು ದೋಣಿಯಲ್ಲಿ ಕರೆದೊಯ್ಯುವ ಗೈಡ್ ಕೆಲಸ. ಕತ್ತರಿಸಿದ ಕೂದಲು, ಬಿಸಿಲಿಗೆ ಕಪ್ಪಾದ ತೋಳು, ರೆಸಾರ್ಟಿನವರು ಕೊಟ್ಟ ಕಿತ್ತಳೆ ಬಣ್ಣದ ಟೀ ಶರ್ಟು. ಮನೆಯವರು ಮಗಳೆಂದು ಬೆಳೆಸಿದ್ದರು. ಅವರನ್ನು ನಾನು ಇಲ್ಲಿ 'ಅವರು' ಎಂದೇ ಬರೆಯುತ್ತೇನೆ. ಮೂವತ್ತು ವರ್ಷ ಚಿಕ್ಕವರಿಗೆ ಬಹುವಚನ ಕೊಟ್ಟರೆ ನನ್ನ ಗಂಟೇನೂ ಹೋಗುವುದಿಲ್ಲ.

"ಚಾಚಾ, ನಿಮ್ಮ ಭಾಷಣ ಕೇಳೀನಿ ನಾ," ಎಂದರು. "ಅದಕ್ಕ ನಿಮ್ಮ ಕಡೆ ಬಂದೀನಿ. ಎಂಟು ದಿನಕ್ಕ ಅಕ್ಕನ ಮದುವಿ ಐತಿ."

ಚೀಲದಿಂದ ಬಟ್ಟೆ ತೆಗೆದು ಮೇಜಿನ ಮೇಲೆ ಹರಡಿದರು. ದಾಳಿಂಬೆ ಬಣ್ಣ, ಮೈತುಂಬ ಸಣ್ಣ ಹೂವಿನ ಬುಟ್ಟಾ. ಮದುವೆಯ ಸೀರೆ ತರಲು ಹೋದಾಗ ಅಕ್ಕ ಅದೇ ಅಂಗಡಿಯಲ್ಲಿ, ಸೀರೆಯ ಅಂಚಿಗೆ ಹೊಂದುವ ಹಾಗೆ, ಯಾರಿಗೂ ಹೇಳದೆ ಕೊಂಡು ತಂದಿದ್ದಂತೆ.

"ಅವ್ವ ಹೇಳ್ಯಾಳ, ಸೀರಿ ಉಟ್ಕೊಂಡು ಬರೂದಾದ್ರ ಬಾ, ಇಲ್ಲಂದ್ರ ಅವತ್ತ ಡ್ಯೂಟಿ ಮ್ಯಾಲೆ ಇರು ಅಂತ. ಅಕ್ಕ ಹೇಳ್ಯಾಳ, ನೀ ಬಾಜೂಕ ನಿಲ್ಲಲಿಲ್ಲಂದ್ರ ನಾ ಮಂಟಪ ಹತ್ತೂದಿಲ್ಲ ಅಂತ. ಸೀರಿ ಉಟ್ರ ನಾ ಯಾರೋ ಬ್ಯಾರೆಯವ್ರ ಆಗಿರ್ತೀನಿ ಚಾಚಾ. ಅಪ್ಪನ ಅಂಗಿ ಹಾಕ್ಕೊಂಡ್ರ, ಗಂಡ್ಸಾಗಾಕ ಹೊಂಟಾಳ ಅಂತಾರ. ನಾ ಅದೂ ಅಲ್ಲ. ಈ ಟೀ ಶರ್ಟ್ ಒಂದ ನೋಡ್ರಿ, ಎಲ್ಲಾ ಗೈಡಿಗೂ ಒಂದ ಥರ ಇರ್ತೈತಿ, ಇದರಾಗ ಯಾರೂ ಏನೂ ಕೇಳೂದಿಲ್ಲ. ಆದರ ಮದುವಿಗೆ ಇದನ್ನ ಹಾಕ್ಕೊಂಡು ಹೋಗಾಕ ಬರೂದಿಲ್ಲಲ್ಲ."

ನಾನು ಉಬ್ಬಿ ಹೋದೆ. ನನ್ನ ಭಾಷಣವನ್ನು ಎರಡು ವರ್ಷ ನೆನಪಿಟ್ಟವರು ಈ ಭೂಮಿಯ ಮೇಲೆ ಒಬ್ಬರಿದ್ದಾರೆ! "ಬೇಫಿಕರ್ ಇರ್ರಿ," ಎಂದು ಕೊರಳಲ್ಲಿದ್ದ ಟೇಪು ಎಳೆದುಕೊಂಡು ಎದ್ದೆ. ಎದ್ದವನು ಅಲ್ಲೇ ನಿಂತೆ.

ಅಳತೆ ತೆಗೆದುಕೊಳ್ಳುವವರು ಯಾರು? ನಾನೇ ಕನ್ನಡಿಯ ಮುಂದೆ ನಿಲ್ಲಿಸಿ ಎದೆಗೆ ಟೇಪು ಸುತ್ತಲೇ? ಅಪ್ಪನ ಕಾಲದಿಂದ ಬಂದ ರಿವಾಜು. ಎದುರಿನ ಗ್ಯಾರೇಜಿನವರು ನೋಡುತ್ತಾರೆ. ಪರದೆಯ ಹಿಂದೆ ಹೆಂಡತಿ ಸೀರೆಗೆ ಫಾಲ್ ಹಚ್ಚುತ್ತ ಕೂತಿದ್ದಾಳೆ. ಹಾಗಾದರೆ 'ಒಳಗ ಹೋಗ್ರಿ' ಎಂದು ಪರದೆಯ ಆಚೆ ಕಳಿಸಲೇ? ಕಳಿಸಿದರೆ ಮುಕ್ಕಾಲು ಗಂಟೆಯ ಭಾಷಣ, ಚಪ್ಪಾಳೆ, ಶಾಲು ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಬಟ್ಟೆ ಒಂದೇ, ಹೊಲಿಗೆ ನಮ್ಮದು ಎಂದು ಸಾರಿದವನು ನನ್ನದೇ ಅಂಗಡಿಯ ಒಂದು ಹರಕು ಪರದೆಯ ಮುಂದೆ ಕಂಬದ ಹಾಗೆ ನಿಂತಿದ್ದೆ.

ಅವರು ಕಾಯುತ್ತಿದ್ದರು. ಕೈಗಳನ್ನು ಮೈಯಿಂದ ಸ್ವಲ್ಪ ದೂರ ಹಿಡಿದು, ಅಳತೆಗೆ ತಯಾರಾಗಿ ನಿಂತಿದ್ದರು.

"ಹಳೇದೊಂದು ಅಂಗಿ ಇದ್ದರ ಅಳತಿಗೆ ತಂದು ಕೊಡ್ರಿ," ಎಂದೆ.

"ಇಂಥಾದ್ದು ಹಳೇದು ಎಲ್ಲಿಂದ ತರ್ಲಿ ಚಾಚಾ? ಇದ ಮೊದಲನೇದ್ದು."

ಆಗ ನಾನು ನನ್ನ ವೃತ್ತಿ ಜೀವನದ ಅತಿ ದೊಡ್ಡ ಸುಳ್ಳು ಹೇಳಿದೆ. "ಟೇಪ ಯಾಕ ಬೇಕು? ನಂದು ಕಣ್ಣಳತಿ. ನಿಮ್ಮನ್ನ ನೋಡಿದ ಕೂಡಲೆ ಅಳತಿ ಆಗಿ ಹೋತು. ಐದು ದಿನ ಬಿಟ್ಟು ಟ್ರಯಲ್ಲಿಗೆ ಬರ್ರಿ." ಅವರ ಕೈಗಳು ಮೆಲ್ಲಗೆ ಕೆಳಗಿಳಿದವು. ಬಟ್ಟೆಯ ಮೇಲೊಮ್ಮೆ ಅಂಗೈ ಆಡಿಸಿ ಹೊರಟುಹೋದರು.

ಕಣ್ಣಳತೆಯಲ್ಲಿ ಹೊಲಿಯುವ ದರ್ಜಿ ದಿಂಬಿನ ಕವರಿಗೆ ಮಾತ್ರ ಲಾಯಕ್ಕು ಎಂದು ಅಪ್ಪ ಹೇಳುತ್ತಿದ್ದ. ಆದರೆ ನನ್ನ ತಲೆಯಲ್ಲಿ ಆಗಲೇ ಕ್ಯಾಲೆಂಡರಿನ ಶಿವ ಬಂದು ನಿಂತಿದ್ದ. ಇದು ಬರೀ ಕುರ್ತಾ ಆಗಬಾರದು, ಒಂದು ವಿಚಾರ ಆಗಬೇಕು ಎಂದುಕೊಂಡೆ. ಬಲಭಾಗಕ್ಕೆ ಶೇರ್ವಾನಿಯ ಬಿಗಿ, ಸೊಂಟದವರೆಗೆ ಕತ್ತರಿಸಿದ ನೇರ ಅಂಚು. ಎಡಭಾಗಕ್ಕೆ ನೆರಿಗೆ, ಮೊಣಕಾಲಿನವರೆಗೆ ಇಳಿಬಿದ್ದ ಅಗಲ ಘೇರು, ಅದಕ್ಕೊಂದು ಜರಿ ಪಟ್ಟಿ. ಗುಂಡಿಪಟ್ಟಿ ಎರಡು: ಒಂದು ಬಲಕ್ಕೆ ಮುಚ್ಚುವುದು, ಇನ್ನೊಂದು ಎಡಕ್ಕೆ. ಬಟ್ಟೆಯನ್ನು ಒಂದು ಗೇಣೂ ಉಳಿಸಲಿಲ್ಲ. ಕತ್ತರಿ ಆಡಿಸುವಾಗ ನನಗೆ ನಿಜವಾಗಿ ಮೈ ಜುಮ್ಮೆಂದಿತು. ಇದನ್ನು ತೊಟ್ಟು ಅವರು ಮಂಟಪದಲ್ಲಿ ನಿಂತಾಗ ಪೇಪರಿನವರು ಬಂದು ಹೊಲಿದವರು ಯಾರು ಎಂದು ಕೇಳುತ್ತಾರೆ. ನಾನು ಸ್ವಲ್ಪ ಸಂಕೋಚಪಟ್ಟು ಮಾತಾಡುತ್ತೇನೆ. ಆ ಮಾತನ್ನೂ ಮಷೀನು ತುಳಿಯುತ್ತ ತಯಾರು ಮಾಡಿಕೊಂಡೆ.

ಹೆಂಡತಿ ಒಮ್ಮೆ ಪರದೆ ಸರಿಸಿ ನೋಡಿದಳು. "ಇದನ್ನ ಯಾರು ಹಾಕ್ಕೊಳ್ಳೋದು?" ಎಂದಳು. "ನಿನಗ ತಿಳಿಯೂದಿಲ್ಲ," ಎಂದೆ. ಅವಳು ಪರದೆ ಎಳೆದುಕೊಂಡಳು.

ಟ್ರಯಲ್ಲಿನ ದಿನ ಅವರು ಡ್ಯೂಟಿ ಮುಗಿಸಿ ನೇರವಾಗಿ ಬಂದರು. ತಲೆ ಇನ್ನೂ ಒದ್ದೆಯಾಗಿತ್ತು. ನಾನು ಹೊಲಿದದ್ದನ್ನು ಟೀ ಶರ್ಟಿನ ಮೇಲೇ ತೊಟ್ಟು ಕನ್ನಡಿಯ ಮುಂದೆ ನಿಂತರು. ದಿನವಿಡೀ ಹುಟ್ಟು ಹಾಕುವ ಭುಜಗಳನ್ನು ನನ್ನ ಕಣ್ಣು ಅಳೆದೇ ಇರಲಿಲ್ಲ. ಬಲ ತೋಳು ಬಗಲಲ್ಲಿ ಸಿಕ್ಕಿಕೊಂಡಿತು. ಎಡಗಡೆಯ ನೆರಿಗೆ ಹೊಟ್ಟೆಯ ಮೇಲೆ ಬುಗ್ಗೆಂದು ನಿಂತಿತು. ಎರಡು ಗುಂಡಿಪಟ್ಟಿಗಳಲ್ಲಿ ಯಾವುದನ್ನು ಮೊದಲು ಹಾಕಬೇಕೆಂದು ತಿಳಿಯದೆ ಅವರ ಬೆರಳು ತಡಕಾಡಿದವು. ಬೆಂಚಿನ ಮೇಲೆ ಚಹಾ ಕುಡಿಯುತ್ತಿದ್ದ ಮಿಲ್ಲಿನ ಗೆಳೆಯ ಕೆಮ್ಮಿದ. ಅದು ಕೆಮ್ಮಲ್ಲ ಎಂದು ನನಗೂ ಗೊತ್ತು, ಅವರಿಗೂ ಗೊತ್ತು.

ಅವರು ಬಹಳ ಹೊತ್ತು ಕನ್ನಡಿ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು.

"ಚಾಚಾ," ಎಂದರು, "ಇದು ನಿಮ್ಮ ಭಾಷಣಕ್ಕ ಹೊಲದ ಬಟ್ಟಿ. ನನಗ ಹಾಕ್ಕೊಳ್ಳಾಕ ಒಂದು ಬೇಕಾಗಿತ್ತು."

ನಾನು ಅರ್ಧನಾರೀಶ್ವರನ ಬಗ್ಗೆ ಏನೋ ಹೇಳಲು ಬಾಯಿ ತೆರೆದೆ.

"ದೇವರಿಗೆ ಹೆಂಗರ ನಡೀತೈತ್ರೀ. ಅಂವಗ ಅಕ್ಕನ ಮದುವ್ಯಾಗ ಊಟಕ್ಕ ನೀಡೂದಿರೂದಿಲ್ಲ. ನಾ ಅರ್ಧಾ ಅದು, ಅರ್ಧಾ ಇದು ಅಲ್ಲ ಚಾಚಾ. ಇಡೀ ಅದೀನಿ. ಒಂದು ಸಾದಾ ಕುರ್ತಾ, ಭುಜಕ್ಕ ಸರಿ ಕೂಡೂವಂಥಾದ್ದು, ಎರಡು ಕಿಸೆ. ಅಷ್ಟ ಕೇಳಬೇಕಂತ ಬಂದಿದ್ದೆ ಅವತ್ತು. ನೀವು ಕೇಳಲೇ ಇಲ್ಲ." ಎಡಗಡೆಯ ನೆರಿಗೆಯನ್ನು ಬೆರಳಲ್ಲಿ ಹಿಡಿದು ನೋಡಿದರು. "ಅಕ್ಕ ಆಸೆ ಪಟ್ಟು ತಂದಿದ್ದ ಬಟ್ಟಿ ರೀ ಇದು. ಇರ್ಲಿ ಬಿಡ್ರಿ. ನಾ ಅವತ್ತ ಡ್ಯೂಟಿ ಮಾಡ್ತೀನಿ."

ನಾಚಿಕೆ ಎಂಬ ಶಬ್ದವನ್ನು ನಾನು ಬೆಂಚಿನ ಮುಂದೆ ಎಷ್ಟೋ ಸಲ ಆಡಿದ್ದೇನೆ. ಅದರ ಅರ್ಥ ಅವತ್ತು ತಿಳಿಯಿತು. ಒಬ್ಬರು ತಮ್ಮ ಅಕ್ಕನ ಪಕ್ಕದಲ್ಲಿ ನಿಲ್ಲಬೇಕೆಂಬ ಒಂದೇ ಆಸೆ ಹೊತ್ತು ಬಂದಿದ್ದರು, ನಾನು ಅದನ್ನು ಕತ್ತರಿಸಿ ನನ್ನ ಜಾಣತನಕ್ಕೆ ಅಂಗಿ ಹೊಲಿದಿದ್ದೆ.

ಆಗ ಪರದೆ ಸರಿಯಿತು. ಹೆಂಡತಿ ಫಾಲಿನ ಸೂಜಿಯನ್ನು ದುಪಟ್ಟಾಕ್ಕೆ ಚುಚ್ಚಿಕೊಂಡು ಹೊರಗೆ ಬಂದಳು. ನನ್ನ ಕಡೆ ನೋಡಲೂ ಇಲ್ಲ. ಅವರ ಎದುರಿಗೆ ನಿಂತು ಕೇಳಿದಳು: "ಬೇಟಾ, ಅಳತಿ ಯಾರು ತಗೋಬೇಕು ಹೇಳು. ಇವರಾ, ನಾನಾ?"

ಇಷ್ಟೇ. ನಾನು ಐದು ದಿನ ಸುತ್ತಿದ ಬೆಟ್ಟವನ್ನು ಆಕೆ ಒಂದು ಮಾತಿನಲ್ಲಿ ದಾಟಿದಳು. ಕೇಳಬಹುದು ಎಂಬುದೇ ನನಗೆ ಹೊಳೆದಿರಲಿಲ್ಲ. ಭಾಷಣಕಾರರಿಗೆ ಆ ಅಭ್ಯಾಸ ಕಡಿಮೆ.

ಅವರು ಕನ್ನಡಿಯ ಕಡೆ ತಿರುಗಿದರು. "ಚಾಚಿ, ನೀವ ತಗೋರಿ. ಆದರ ಪರದೆದ ಹಿಂದ ಬ್ಯಾಡ. ಇಲ್ಲೇ, ಕನ್ನಡಿ ಮುಂದ. ಹೆಂಗ ಕಾಣ್ತೀನಿ ಅಂತ ನಾನೂ ನೋಡಬೇಕು."

ನಾನು ಲೆಕ್ಕ ಹಾಕಿದ್ದು ಎರಡೇ ದಾರಿ. ಮೂರನೆಯದನ್ನು ಅವರು ಹೇಳಿದರು. ಆಗ ನನಗೆ ಇನ್ನೊಂದು ವಿಷಯವೂ ಹೊಳೆಯಿತು: ನಮ್ಮ ಅಂಗಡಿಯ ಕನ್ನಡಿ ಪರದೆಯ ಈಚೆ ಇದೆ. ಇಷ್ಟು ವರ್ಷ ಒಳಗೆ ಹೋದ ಹೆಂಗಸರಲ್ಲಿ ಒಬ್ಬರೂ ಅಳತೆ ಕೊಡುವಾಗ ತಮ್ಮನ್ನು ತಾವು ನೋಡಿಕೊಂಡಿದ್ದಿಲ್ಲ. ಕಿಸೆಯ ಬಗ್ಗೆ ಮುಕ್ಕಾಲು ಗಂಟೆ ಕೂಗಿದವನಿಗೆ ತನ್ನ ಅಂಗಡಿಯ ಕನ್ನಡಿ ಕಂಡಿರಲಿಲ್ಲ.

ಗೆಳೆಯನಿಗೆ ಹೆಂಡತಿ "ಚಹಾ ಆತಲ್ಲ?" ಎಂದಳು, ಅವನು ಎದ್ದು ಹೋದ. ಆಕೆ ಟೇಪು ಹಿಡಿದು ಇಂಚು ಹೇಳತೊಡಗಿದಳು. ನಾನು ಪೆನ್ನು ಹಿಡಿದೆ. ಒಂದು ತೊಡೆಯ ಮೇಲೆ ನೀಲಿ ಬುಕ್ಕು, ಇನ್ನೊಂದರ ಮೇಲೆ ಕೆಂಪು ಬುಕ್ಕು. ಮತ್ತೆ ಸಿಕ್ಕಿಬಿದ್ದೆ. ಹೊಸದೊಂದು ಬುಕ್ಕು ತರಬೇಕು, ಅದರ ರಟ್ಟು ಯಾವ ಬಣ್ಣದ್ದಿರಬೇಕು ಎಂದೆಲ್ಲ ತಲೆ ಓಡತೊಡಗಿತು. ಅವರು ಕನ್ನಡಿಯಲ್ಲೇ ನನ್ನನ್ನು ನೋಡಿ, ಮೊದಲ ಸಲ ನಕ್ಕರು.

"ಯಾವುದ್ರಾಗರ ಬರೀರಿ ಚಾಚಾ. ಇಂಚ ಸರಿ ಬಂದ್ರ ಸಾಕು."

ನಾನು ಕೈಗೆ ಸಿಕ್ಕಿದ್ದರಲ್ಲಿ ಬರೆದೆ.

ಮದುವೆಗೆ ಮೂರು ದಿನವಿತ್ತು. ಅದೇ ಬುಟ್ಟಾದ ಬಟ್ಟೆ ಹಳಿಯಾಳದಲ್ಲಿ ಸಿಗಲಿಲ್ಲ, ಹುಬ್ಬಳ್ಳಿಯಲ್ಲೂ ಮುಗಿದಿತ್ತು. ಕತ್ತರಿಸಿದ ಬಟ್ಟೆಯನ್ನು ಮತ್ತೆ ಕೂಡಿಸುವ ವಿದ್ಯೆ ಯಾವ ದರ್ಜಿಗೂ ಬರುವುದಿಲ್ಲ. ಉಳಿದದ್ದು ಒಂದೇ ದಾರಿ: ಬ್ಲೇಡು ಹಿಡಿದು ನನ್ನ ವಿಚಾರವನ್ನು ಹೊಲಿಗೆ ಹೊಲಿಗೆಯಾಗಿ ಬಿಚ್ಚುವುದು. ಹೆಂಡತಿ ಒಂದು ಕಡೆ, ನಾನು ಒಂದು ಕಡೆ ಕೂತು ಬಿಚ್ಚಿದೆವು. ಎಷ್ಟು ಗಟ್ಟಿಯಾಗಿ ಹೊಲಿದಿದ್ದೆ ಅದನ್ನು! ಎಡಗಡೆಯ ನೆರಿಗೆಯಲ್ಲಿ ಅಡಗಿದ್ದ ಬಟ್ಟೆ ಮುಂಭಾಗಕ್ಕೂ ತೋಳಿಗೂ ಸಾಕಾಯಿತು. ಬೆನ್ನಿಗೆ ಮಾತ್ರ ಇಡೀ ತುಂಡು ಸಿಗಲಿಲ್ಲ. ಎರಡು ತುಂಡು ಸೇರಿಸಿ ನಡುವೆ ಜೋಡು ಕೊಡಬೇಕಾಯಿತು. ಬುಟ್ಟಾಗಳನ್ನು ಎಷ್ಟು ಕೂಡಿಸಿದರೂ ಎಡಗಡೆಯವು ಬಲಗಡೆಯವಕ್ಕಿಂತ ಎಳ್ಳಷ್ಟು ಕೆಳಗೇ ಉಳಿದವು, ಕಾಲರಿನ ಕೆಳಗೆ ಜೋಡು ಸ್ವಲ್ಪ ಉಬ್ಬಿತು. ಗುಂಡಿ ಯಾವ ಕಡೆ ಎಂದು ಈ ಸಲ ಫೋನು ಮಾಡಿ ಕೇಳಿದೆ. "ನನಗ ಬಲಗೈಲೆ ಹಾಕ್ಕೊಳ್ಳಾಕ ಹಗುರ ಆಗೂ ಕಡೆ," ಎಂದರು. ಎರಡು ಕಿಸೆ ಇಟ್ಟೆ, ಆಳವಾದವು.

ಮದುವೆಗೆ ನನ್ನನ್ನೂ ಕರೆದಿದ್ದರು. ಬೆಳಿಗ್ಗೆ ಬಸ್ಸು ಹತ್ತಿ ಹಳಿಯಾಳದ ಕಲ್ಯಾಣ ಮಂಟಪಕ್ಕೆ ಹೋಗಿ, ಉಪ್ಪಿಟ್ಟು ಶಿರಾದ ತಟ್ಟೆ ಹಿಡಿದು ಕಂಬದ ಹತ್ತಿರ ಕೂತೆ. ತಿಂಡಿಯ ಮೇಲೆ ನನಗೆ ಗಮನವಿರಲಿಲ್ಲ, ಬಾಗಿಲ ಮೇಲೆ ಕಣ್ಣು. ಬರುತ್ತಾರೋ ಇಲ್ಲವೋ. ಬಂದರೆ ಆ ತಾಯಿ ಏನು ಮಾಡುತ್ತಾಳೋ.

ಬಂದರು. ದಾಳಿಂಬೆ ಬಣ್ಣದ ಕುರ್ತಾ, ಬಿಳಿ ಪೈಜಾಮ, ಬಾಚಿದ ಕೂದಲು, ಹಣೆಗೆ ವಿಭೂತಿ. ಎರಡೂ ಕೈ ಕಿಸೆಯಲ್ಲಿದ್ದವು. ಅಂಜಿಕೆಯಾದಾಗ ಕೈ ಇಟ್ಟುಕೊಳ್ಳಲೂ ಕಿಸೆ ಬೇಕಾಗುತ್ತದೆ ಎಂದು ನನಗೆ ಆಗ ಗೊತ್ತಾಯಿತು. ಬಾಗಿಲ ಬಳಿ ಇದ್ದವರು ಪಕ್ಕಕ್ಕೆ ಸರಿದರು. ಬೀಗರಿಗೆ ತಿಂಡಿ ಕೊಡುತ್ತಿದ್ದ ತಾಯಿ ತಿರುಗಿ ನೋಡಿದಳು. ಗಟ್ಟಿಮುಟ್ಟಾದ ಹೆಂಗಸು, ಮೊಳಕೈವರೆಗೆ ಹಸಿರು ಬಳೆ. ಬೀಗರನ್ನೊಮ್ಮೆ ನೋಡಿದಳು, ಇವರನ್ನೊಮ್ಮೆ ನೋಡಿದಳು. ತಟ್ಟೆಯನ್ನು ಯಾರದೋ ಕೈಗಿತ್ತು ಬಂದು, ತೋಳು ಹಿಡಿದು ದರದರನೆ ಎಳೆದುಕೊಂಡು ನಾನು ಕೂತ ಕಂಬದ ಹಿಂದಕ್ಕೇ ಬಂದಳು. ನಾನು ಶಿರಾ ನುಂಗುವುದನ್ನು ಮರೆತೆ.

ಆಕೆ ಭುಜ ಹಿಡಿದು ಇವರನ್ನು ಹಿಂದಕ್ಕೆ ತಿರುಗಿಸಿದಳು. ಬೆನ್ನು ನೋಡಿದಳು. ಕಣ್ಣು ಒರೆಸಿಕೊಂಡಳೋ, ಬೆವರು ಒರೆಸಿಕೊಂಡಳೋ, ನನಗೆ ಕಾಣಲಿಲ್ಲ. ಆಮೇಲೆ ಕೈಬಳೆಯಲ್ಲಿ ಸಿಕ್ಕಿಸಿಕೊಂಡಿದ್ದ ಪಿನ್ನು ಬಿಚ್ಚಿ ಹಲ್ಲಲ್ಲಿ ಹಿಡಿದು, ಕಾಲರಿನ ಕೆಳಗೆ ಉಬ್ಬಿದ ಜೋಡನ್ನು ಒಳಗಿನಿಂದ ಮಡಚಿ ಪಿನ್ನು ಹಾಕಿದಳು.

"ಯಾಂವ ಹೊಲದಾನ ಇದನ್ನ?" ಎಂದು ಗದರಿದಳು. "ಬೆನ್ನಾಗ ಜೋಡ ಹೆಂಗ ಕಾಣಾಕತ್ತೈತಿ ನೋಡು. ಬುಟ್ಟಾ ಒಂದು ಮ್ಯಾಲೆ, ಒಂದು ಕೆಳಗ."

ಅವರು ನನ್ನ ಕಡೆ ಓರೆಗಣ್ಣಲ್ಲಿ ನೋಡಿದರು. "ದಾಂಡೇಲ್ಯಾಗ ಒಬ್ರು ಚಾಚಾ ಅದಾರ ಅವ್ವಾ. ಇನ್ನೂ ಕಲಿಯಾಕತ್ತಾರ."

"ಕಲತ ಮ್ಯಾಲೆ ಇನ್ನೊಂದು ಹೊಲಿಸ್ಕೋ," ಎಂದಳು ತಾಯಿ. "ಈಗ ನಡಿ. ಅಕ್ಕ ಕಾಯಾಕತ್ತಾಳ."

ಇಬ್ಬರೂ ಹೋದರು. ನನ್ನ ಕಣ್ಣು ತುಂಬಿ ಬಂತು. ಪಕ್ಕದಲ್ಲಿ ಕೂತ ಮುದುಕರು ಏನಾಯಿತು ಎಂದು ಕೇಳಿದರು. ಉಪ್ಪಿಟ್ಟಿನಲ್ಲಿ ಮೆಣಸಿನಕಾಯಿ ಸಿಕ್ಕಿತು ಎಂದೆ.